ಹಗ್ಗ ಬಿಗಿದ ಗಾಳಿ ಫ್ಯಾನು

ಎಂಬತ್ತರ ದಶಕದ ಮೊದಲ ವರ್ಷಗಳವು. ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಗುಬ್ಬಿಯಲ್ಲಿ ಬಾಡಿಗೆ ರೂಮು. ವಾರವೆಲ್ಲ ಕಬ್ಬಿಣದ ಜೊತೆ ಗುದ್ದಾಡಿ, ಭಾನುವಾರ ಅಕ್ಕನನ್ನು ನೋಡಲು ಹಾಗಲವಾಡಿಗೆ ಸೈಕಲ್ ತುಳಿಯುತ್ತಿದ್ದೆ. ಅರ್ಧ ದಾರಿಗೇ ಮಂಡಿ ಕೈಕೊಡುತ್ತಿತ್ತು. ಕುಣಿಗಲ್ಲಿನ ಗುಜರಿಯಲ್ಲಿ, ಬೆಳೆಗೆ ಔಷಧಿ ಹೊಡೆಯುವ ಪಂಪಿನ ಕೆಟ್ಟ ಇಂಜಿನ್ ಸಿಕ್ಕಿತು. ರಿಪೇರಿ ಮಾಡಿ ಸೈಕಲ್ಲಿನ ಹಿಂಚಕ್ರದ ಮೇಲೆ ಕೂರಿಸಿಕೊಂಡೆ. ಅದು ಓಡುತ್ತಿತ್ತು ಅನ್ನುವುದಕ್ಕಿಂತ ಕೆಮ್ಮುತ್ತಿತ್ತು ಅನ್ನಬೇಕು. ಏರು ಬಂದರೆ ಇಳಿದು ಅದನ್ನೂ ನಾನೇ ತಳ್ಳಬೇಕು.

ಗಂಡ ತೀರಿಕೊಂಡ ಮೇಲೆ ಅಕ್ಕ ಊರಿನ ಹೆಂಗಸರಿಗೆ ರವಿಕೆ ಹೊಲಿದು ಬದುಕುತ್ತಿದ್ದಳು. ಕರೆಂಟು ಕಂಬ ಊರೊಳಗೇ ನಿಂತಿತ್ತು. ಹೊಲದ ಅಂಚಿನ ಅವಳ ಮನೆಯತನಕ ಬಂದಿರಲಿಲ್ಲ. ಹಗಲು ಹೊಲದ ಕೆಲಸ, ಕತ್ತಲಾದ ಮೇಲೆ ಸೀಮೆಎಣ್ಣೆ ಬುಡ್ಡಿಯ ಮುಂದೆ ಹೊಲಿಗೆ. ಚಿಕ್ಕಂದಿನಲ್ಲಿ ನಾನು ಸೂಜಿಗೆ ದಾರ ಪೋಣಿಸಲು ತಡಕಾಡಿದರೆ ಬಿದ್ದು ಬಿದ್ದು ನಗುತ್ತಿದ್ದವಳು, ಈಗ ತಾನೇ ದಾರವನ್ನು ಮತ್ತೆ ಮತ್ತೆ ಎಂಜಲು ಮಾಡಿಕೊಳ್ಳುತ್ತಿದ್ದಳು. ಕಣ್ಣು ಹೋದರೆ ಅವಳ ಬದುಕೂ ಹೋಯಿತು. ಆ ಹೆದರಿಕೆಗೇ, ಗಾಳಿಯಿಂದ ಕರೆಂಟು ಮಾಡಿ ಅವಳಿಗೊಂದು ದೀಪ ಹಾಕಿಕೊಡುವ ಹಟ ಹಿಡಿದೆ.

ಶಿರಾ ಗೇಟಿನ ಗುಜರಿಯಿಂದ ಹಳೇ ಕಾರಿನ ಡೈನಮೋ ತಂದೆ. ಸೈಕಲ್ ಚೈನು, ತೂತುಬಿದ್ದ ಪೈಪು, ಬಸ್ಸಿನವರು ಎಸೆದ ಬ್ಯಾಟರಿ. ಬೇವಿನ ಹಲಗೆಯಲ್ಲಿ ರೆಕ್ಕೆ ಕೆತ್ತಿದೆ. ಒಂದಕ್ಕೊಂದು ಕೂರದೆ ನನ್ನ ಪ್ರಾಣ ತಿಂದವು. ಮನೆಯ ಹಿಂದೆ ಎತ್ತಿ ನಿಲ್ಲಿಸುವ ಹೊತ್ತಿಗೆ ಆಷಾಢ ಹಿಡಿದಿತ್ತು. ಗಾಳಿ ಅಂದರೆ ಗಾಳಿ, ಹೆಂಚು ಹಾರುವಂಥದ್ದು. ರೆಕ್ಕೆ ಬಿಟ್ಟ ಕೂಡಲೇ ಕೈಯಲ್ಲಿದ್ದ ಬಲ್ಬು ಹಾಡುಹಗಲೇ ಹೊತ್ತಿಕೊಂಡಿತು.

ಅಕ್ಕ ಮುಖ ತಿರುಗಿಸಿದಳು. "ಆಷಾಢ್ದಲ್ಲಿ ಯಾರಾರ ಹೊಸ ದೀಪ ಹಚ್ತಾರೇನ್ಲಾ? ಮೊದ್ಲು ಕಟ್ಟಾಕು ಅದನ್ನ."

"ಗಾಳಿ ಇರೋದೇ ಈಗ ಕಣಕ್ಕ."

"ಗಾಳಿ ಎಲ್ಲೋಗ್ತದೆ? ಶ್ರಾವಣ ಬರ್ಲಿ ಬುಡು, ಪೂಜೆ ಮಾಡಿ ಬಿಚ್ಚಾನ."

ಗಾಳಿ ಬಂದಾಗ ತೂರಿಕೋ ಎಂದು ಕಣದಲ್ಲಿ ನನಗೆ ಹೇಳಿಕೊಟ್ಟವಳೇ ಇವಳು! ಮೈಯೆಲ್ಲ ಉರಿಯಿತು. ಆದರೆ ಭಾವ ಹೋದದ್ದೂ ಒಂದು ಆಷಾಢದಲ್ಲೇ. ಆ ತಿಂಗಳನ್ನು ಕೆಣಕುವ ಧೈರ್ಯ ಅವಳಿಗೆ ಉಳಿದಿರಲಿಲ್ಲ. ರೆಕ್ಕೆಗೆ ಹಗ್ಗ ಬಿಗಿದೆ. ಹೋದಾಗಲೆಲ್ಲ ನೋಡುತ್ತಿದ್ದೆ, ಹೊರಗೆ ಫ್ಯಾನು ಹಗ್ಗ ಜಗ್ಗುತ್ತ ಕಿರ್ರೆನ್ನುತ್ತಿತ್ತು, ಒಳಗೆ ಬುಡ್ಡಿ ಹೊಗೆಯಾಡುತ್ತಿತ್ತು.

ಶ್ರಾವಣದಲ್ಲಿ ದಾಯಾದಿಗಳ ಮನೆಯಲ್ಲೊಂದು ಸಾವು, ಸೂತಕ. ಅದಾದ ಮೇಲೂ ಒಂದಲ್ಲ ಒಂದು ಅಡ್ಡಿ, ಆಮೇಲೆ ಪಿತೃಪಕ್ಷ. ಕೊನೆಗೆ ಆಯುಧಪೂಜೆಯ ದಿನ ಡೈನಮೋಗೆ ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು ಹಗ್ಗ ಬಿಚ್ಚಿದೆ. ರೆಕ್ಕೆ ಒಂದು ಸುತ್ತು ಸುತ್ತಿ ನಿಂತಿತು. ಹಾರದ ಚೆಂಡುಹೂವೂ ಅಲುಗಲಿಲ್ಲ.

"ಬತ್ತದೆ ಇರು," ಅಂದಳು ಅಕ್ಕ, ಮೇಲೆ ನೋಡುತ್ತ. ಸಂಜೆಯವರೆಗೂ ಜಗಲಿಯಲ್ಲಿ ಕೂತಿದ್ದೆವು. ಬರಲಿಲ್ಲ.

ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿ ಗುಬ್ಬಿಗೆ ಒಯ್ದು ಚಾರ್ಜ್ ಮಾಡಿಸಿ ತರತೊಡಗಿದೆ. ಮುದಿ ಬ್ಯಾಟರಿ, ಹೆಚ್ಚು ಹೊತ್ತು ತಡೆಯುತ್ತಿರಲಿಲ್ಲ. ಆ ಭಾರಕ್ಕೆ ಒಂದು ಏರಿನಲ್ಲಿ ಇಂಜಿನ್ ಹಿಡಿದುಕೊಂಡಿತು, ಮತ್ತೆ ಏಳಲಿಲ್ಲ. ಆಮೇಲೆ ಸತ್ತ ಇಂಜಿನ್ನನ್ನೂ ಹೊತ್ತುಕೊಂಡೇ ಸೈಕಲ್ ತುಳಿದೆ. ಬಿಚ್ಚಿ ಹಾಕುವಷ್ಟು ಉತ್ಸಾಹವೂ ನನ್ನಲ್ಲಿರಲಿಲ್ಲ. ವಾರವಾರ ಹೋಗುತ್ತಿದ್ದವನು ತಿಂಗಳಿಗೊಮ್ಮೆ ಹೋಗುವಂತಾದೆ.

ಮರುವರ್ಷ ಮತ್ತೆ ಆಷಾಢ. ರೆಕ್ಕೆ ಮುರಿದೀತೆಂದು ಗಾಳಿ ಏಳುವ ಮೊದಲೇ ಹಗ್ಗ ಬಿಗಿದು ಹೋಗಿದ್ದೆ. ಒಂದು ಮುಸ್ಸಂಜೆ ಹೋದಾಗ ಅಕ್ಕನೇ, "ಬಿಚ್ಚೋ ಹಗ್ಗ," ಅಂದಳು.

"ಆಷಾಢ ಕಣಕ್ಕ."

"ಇದ್ರೆ ಇರ್ಲಿ. ಬಿಚ್ಚು."

ಬಿಚ್ಚಿದೆ. ಫ್ಯಾನು ಗಿರ್ರನೆ ತಿರುಗಿತು. ಮನೆಯೊಳಗೆ ಬಲ್ಬು ಹೊತ್ತಿ, ಗೋಡೆಯ ಮಸಿಯೆಲ್ಲ ಕಾಣಿಸಿತು. ಇಷ್ಟು ದಿನದ ಆಯಾಸವೆಲ್ಲ ಇಳಿದ ಹಾಗಾಗಿ ನಾನು ಚಾಪೆಯ ಮೇಲೆ ಕೂತೆ. ಅಕ್ಕ ಬಲ್ಬಿನ ನೇರ ಕೆಳಗೆ ಕೂತು, ರವಿಕೆಗೆ ಹುಕ್ಕು ಹಾಕಲು ಸೂಜಿ ಎತ್ತಿ ಹಿಡಿದಳು. ದಾರ ಪಕ್ಕದಲ್ಲಿ ಹೋಯಿತು. ಎಂಜಲು ಮಾಡಿ ಮತ್ತೆ ಹಿಡಿದಳು. ಮತ್ತೆ ಪಕ್ಕಕ್ಕೇ ಹೋಯಿತು. ಸೂಜಿ ದಾರ ಎರಡನ್ನೂ ನನ್ನತ್ತ ಚಾಚಿದಳು.

"ಬೆಳಕು ಚೆನ್ನಾಗೈತೆ ಕಣೋ," ಅಂದಳು. "ನೀನೇ ಪೋಣಿಸ್ಕೊಡು."