ದೊಡ್ಡವ್ವನಿಗೆ ನೋಡಿ ಹೇಳಿದ ಸಿನಿಮಾಗಳು

ಹೊರಗೆ ಮಳೆ. ಹಾಲ್‌ನೊಳಗೆ ಬಂದವರೆಲ್ಲ ನೆನೆದ ಉಣ್ಣೆಯ ಕೋಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯುರೋಪಿನ ಊರೊಂದರ ಚಿತ್ರೋತ್ಸವಕ್ಕೆ ನಾನು ಹೋದದ್ದು ಹೊಸ ಜಪಾನಿ ಸಿನಿಮಾಗಳನ್ನು ನೋಡಿ ಪತ್ರಿಕೆಯೊಂದಕ್ಕೆ ಬರೆಯಲು. ದೀಪ ಆರಿದ ಮೇಲೆ ಒದ್ದೆ ಉಣ್ಣೆಯ ವಾಸನೆ ಇನ್ನೂ ದಟ್ಟವಾಯಿತು. ಶ್ರೀರಾಂಪುರದ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಇದೇ ವಾಸನೆ ಇರುತ್ತಿತ್ತು...

ಆ ಮನೆಯ ದೊಡ್ಡವ್ವ ನಮಗೆ ನೆಂಟರಲ್ಲ. ಕುರಿ ಸಾಕುವ ಮನೆಯವರು. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದೆವು. ಕಣ್ಣು ಮಂಜಾಗುತ್ತಾ ಹೋಗಿ, ನಾನು ಪಿಯುಸಿಗೆ ಬರುವಷ್ಟರಲ್ಲಿ ಅವರಿಗೆ ಬೆಳಕು, ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ಉಣ್ಣೆ ನೂಲುವುದನ್ನು ಬಿಟ್ಟಿರಲಿಲ್ಲ. ಸಿನಿಮಾವನ್ನೂ ಬಿಟ್ಟಿರಲಿಲ್ಲ.

ಊರಾಚೆ ಸಿನಿಮಾ ಟೆಂಟ್ ಹಾಕಿದಾಗ ವಾರಕ್ಕೊಮ್ಮೆ ಮೊದಲನೇ ಆಟಕ್ಕೆ ನನ್ನನ್ನು ಕರೆದೊಯ್ಯುತ್ತಿದ್ದರು. ಹೆಂಗಸರ ಕಡೆ ನೆಲಕ್ಕೆ ಕಂಬಳಿ ಹಾಸಿ, ತಮ್ಮ ಬಲಗಿವಿಯ ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ಮೊದಲ ಸಲ ನಾನು ಕತೆ ಹೇಳಲು ಶುರುಮಾಡಿದೆ.

“ಕತೆ ನಂಗೊತ್ತಾಗ್ತೈತೆ ಕಣೇ, ಮಾತು ಕಿವಿಗೆ ಬೀಳ್ತಾವೆ. ಮಾತಿಲ್ದಾಗ ಏನಾಗ್ತೈತೆ, ಅದ್ನ ಹೇಳು” ಎಂದರು.

ನಾಯಕಿ ಅಳುತ್ತಿದ್ದಾಳೆ ಎಂದರೆ ಅವರಿಗೆ ಸಾಲುತ್ತಿರಲಿಲ್ಲ. ಹೆಂಗೆ ಅಳ್ತಾಳೆ, ಎತ್ಲಾಗೆ ನೋಡ್ತಾಳೆ, ಕೈ ಎಲ್ಲಿಟ್ಕಂಡಾಳೆ... ಉತ್ತರ ಹೇಳಬೇಕೆಂದರೆ ನಾನು ನೋಡಲೇಬೇಕಾಗುತ್ತಿತ್ತು.

ಒಮ್ಮೆ ಮಾತ್ರ ಸುಳ್ಳು ಹೇಳಿದೆ. ಆ ಚಿತ್ರದ ಹೆಸರು ನೆನಪಿಲ್ಲ. ಕೊನೆಯಲ್ಲಿ ಮಾತಿರಲಿಲ್ಲ, ಬರೀ ಸಂಗೀತ; ಕಾಯುತ್ತಿದ್ದ ತಾಯಿಯ ಮುಂದೆ ಮಗಳ ಹೆಣ ತಂದು ಇಳಿಸುತ್ತಾರೆ. ದೊಡ್ಡವ್ವನ ಒಬ್ಬಳೇ ಮಗಳು ಬಿ.ದುರ್ಗದ ಗಂಡನ ಮನೆಯಲ್ಲಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. “ಮಗಳು ಮನೆಗೆ ಬಂದ್ಲು ದೊಡ್ಡವ್ವ” ಎಂದುಬಿಟ್ಟೆ. ಅವರ ಮೇಲಿನ ಕನಿಕರಕ್ಕೋ, ಅದನ್ನು ಹೇಳುವ ಧೈರ್ಯ ನನಗಿರಲಿಲ್ಲವೋ, ಈಗಲೂ ಖಾತ್ರಿಯಿಲ್ಲ.

ಕಂಬಳಿ ಹೆಗಲಿಗೆ ಹಾಕಿಕೊಂಡು, ನನ್ನ ತೋಳು ಹಿಡಿದು ಅವರು ಟೆಂಟ್ ದಾಟಿದರು. ಆಮೇಲೆ, “ಅಲ್ಲ ಕಣೇ, ಮಗಳು ಬಂದ್ಲು ಅಂತೀಯ. ಸುತ್ತ ಕುಂತೋರೆಲ್ಲ ಮೂಗು ಸೀಟ್ತಿದ್ರು. ಊರಿಗೆಲ್ಲ ಒಂದೇ ಸಲ ನೆಗಡಿ ಬಂತಾ?” ಎಂದರು.

“ನಿಮಗೆ ಬೇಜಾರಾಗ್ತೈತೆ ಅಂತ...”

“ಬೇಜಾರು ನಂದು. ಅದ್ನ ನೀನ್ಯಾಕೆ ಬಚ್ಚಿಡ್ತೀಯ? ನಿನ್ ಕಣ್ಣು ನಂಬ್ಕಂಡ್ ಬಂದೀನಿ ನಾನು.”

ಇನ್ನು ನನ್ನನ್ನು ಕರೆಯುವುದಿಲ್ಲ ಎಂದುಕೊಂಡೆ. ಆ ವಾರವೆಲ್ಲ ಅವರ ಜಗಲಿ ಕಡೆ ಸುಳಿಯಲಿಲ್ಲ. ಟೆಂಟ್‌ನಲ್ಲಿ ಹೊಸ ಚಿತ್ರ ಬಂದ ದಿನ ಗೋಡೆಯಾಚೆಯಿಂದ ದನಿ ಕೇಳಿತು: “ಲೇ, ಹೋಗಾಣ ಏಳು. ಈ ಸಲ ಯಾರಾದ್ರೂ ಸತ್ರೆ ಸಾಯಾಕೆ ಬಿಡು.”

ಅವರು ಇದೇ ಮಾತು ಆಡಿದರೇ, ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿಕೊಂಡೆನೇ? ಹೇಳಲಾರೆ. ಕರೆದದ್ದಂತೂ ನಿಜ, ನಾನು ಓಡಿದ್ದೂ ನಿಜ. ಎಂ.ಎ. ಓದುತ್ತಿದ್ದಾಗ ಅವರು ಹೋದರೆಂಬ ಸುದ್ದಿ ಬಂತು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಿನಿಮಾ ನೋಡುವುದನ್ನು ನನಗೆ ಕಲಿಸಿದವರು ಅವರು. ಅದನ್ನು ಅವರಿಗೆ ಹೇಳಲೇ ಇಲ್ಲ...

ಚಿತ್ರೋತ್ಸವದಲ್ಲಿ ಆ ದಿನ ನೋಡಿದ ಜಪಾನಿ ಚಿತ್ರದಲ್ಲಿ ಮಾತು ಬಹಳ ಕಡಿಮೆ. ಕಡಲ ದಂಡೆಯ ಮನೆಯೊಂದರಲ್ಲಿ ಮುದುಕಿ, ಅವಳನ್ನು ನೋಡಲು ಬಂದು ಹೋಗುವ ಮೊಮ್ಮಗ, ಅಷ್ಟೇ. ಕೋಣೆಗೆ ಮರಳಿ ಬರೆಯುವಾಗ, ಅವನು ಹೊರಟ ಮೇಲೆ ಮುದುಕಿ ನಗುತ್ತಾಳೆ ಎಂದು ಬರೆದೆ. ಬರೆದ ಮೇಲೆ ಅನುಮಾನವಾಯಿತು. ನಕ್ಕಳೇ? ನಗಲಿ ಎಂದು ನಾನು ಬಯಸಿದೆನೇ?

ಮರುದಿನ ಬೆಳಿಗ್ಗೆ ಬೇರೊಂದು ಚಿತ್ರ ಬಿಟ್ಟು ಮತ್ತೆ ಅದಕ್ಕೇ ಹೋದೆ. ಅವಳು ನಗುವುದಿಲ್ಲ. ಒಣಗಿದ ತುಟಿ ಸವರಿಕೊಂಡು ಬಾಗಿಲು ಹಾಕುತ್ತಾಳೆ. ವಾಕ್ಯ ಹೊಡೆದುಹಾಕಿ ಕಂಡದ್ದನ್ನು ಬರೆದೆ. ಬಾಗಿಲನ್ನು ಹೇಗೆ ಹಾಕಿದಳು ಎಂದು ಕೇಳುವವರು ಈಗ ಇಲ್ಲ. ಆದರೂ ಅದನ್ನೂ ಸೇರಿಸಿದೆ: ನಿಧಾನವಾಗಿ, ಪೂರ್ತಿ ಮುಚ್ಚದೆ.