ಕರೆ ಬಾರದ ಶನಿವಾರಗಳ ಐಸ್ ಹಾಕಿ

ಐಸ್ ಹಾಕಿ ನೋಡುವವರು ಹೊಸದಾಗಿ ಪರಿಚಯವಾದಾಗ ಕೇಳುವ ಮೊದಲ ಪ್ರಶ್ನೆ ಒಂದೇ: ನಿಮಗೆ ಈ ಆಟ ಹೇಗೆ ಸಿಕ್ಕಿತು? ಆಸ್ಟ್ರೇಲಿಯಾದಂಥ ಬಿಸಿಲಿನ ದೇಶದಲ್ಲಿ ಅದು ನ್ಯಾಯವಾದ ಪ್ರಶ್ನೆ. ಕ್ರಿಕೆಟ್ಟು ಯಾರಿಗೂ ಹೊಸದಾಗಿ ಸಿಗಬೇಕಾಗಿಲ್ಲ, ಹುಟ್ಟುವಾಗಲೇ ಮನೆಯಲ್ಲಿರುತ್ತದೆ. ಇದನ್ನು ಮಾತ್ರ ಪ್ರತಿಯೊಬ್ಬರೂ ಎಲ್ಲೋ ಒಂದು ಕಡೆ ಎಡವಿ ಕಂಡುಕೊಂಡಿರುತ್ತಾರೆ. ನಾನೂ ನನ್ನ ಗಂಡನೂ ಈ ಪ್ರಶ್ನೆಗೆ ಬಹಳ ಕಾಲ ಅರ್ಧ ಉತ್ತರವನ್ನಷ್ಟೇ ಕೊಟ್ಟುಕೊಂಡು ಬಂದೆವು. ಲ್ಯಾಬಿನಲ್ಲಿ ಜೊತೆಗಿದ್ದವರೊಬ್ಬರು ಆಡುತ್ತಿದ್ದರು ಎನ್ನುತ್ತಿದ್ದೆವು. ಅದು ಸುಳ್ಳಲ್ಲ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರ್ತ್‌ನಲ್ಲಿದ್ದಾಗ ನಮ್ಮ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತು. ಹೆಣ್ಣು. ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ನಮ್ಮ ಜನ ಕೆಟ್ಟವರಲ್ಲ. ಮೊದಲ ವಾರಗಳಲ್ಲಿ ಬಾಗಿಲಿಗೆ ಸಾರು, ಪಲ್ಯ, ಮೊಸರನ್ನದ ಡಬ್ಬಿಗಳು ಬಂದವು. ಗಣಿ ಕಂಪನಿಗಳಲ್ಲಿ ಕೆಲಸ ಮಾಡುವ ಮೈಸೂರು, ಬೆಂಗಳೂರಿನ ಸಂಸಾರಗಳು ನಾವೆಲ್ಲ. ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಹಾಗಾಗಿ ಪ್ರತಿ ಶನಿವಾರ ಯಾರದೋ ಮನೆಯಲ್ಲಿ ಸೀಮಂತ, ಇಲ್ಲದಿದ್ದರೆ ನಾಮಕರಣ, ಅದೂ ಇಲ್ಲದಿದ್ದರೆ ಮೊದಲ ವರ್ಷದ ಹುಟ್ಟುಹಬ್ಬ. ಆ ಕರೆಗಳು ಮಾತ್ರ ನಿಂತವು. ಮಗುವನ್ನು ಕಳೆದುಕೊಂಡವಳನ್ನು ಬಸುರಿಯ ಮುಂದೆ ಕೂರಿಸಬಾರದು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕರೆಯುವುದಿಲ್ಲ, ಅಷ್ಟೆ. ಎರಡು ಬೀದಿ ಆಚೆಯ ಮನೆಯಲ್ಲಿ ನಡೆದ ಸೀಮಂತದ ಫೋಟೋಗಳನ್ನು ನಾನು ಫೋನಿನಲ್ಲಿ ನೋಡಿದೆ. ನನಗೆ ಗೊತ್ತಿದ್ದ ಸೀರೆಗಳೆಲ್ಲ ಅಲ್ಲಿದ್ದವು.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಅಪ್ಪ ಗಾರೆ ಕೆಲಸದವರು, ಅಮ್ಮನಿಗೆ ಅಕ್ಷರ ಬಾರದು. ಹಾಸ್ಟೆಲಿನ ಊಟ ಉಂಡು, ರಜೆಯಲ್ಲಿ ಅಪ್ಪನ ಜೊತೆ ಇಟ್ಟಿಗೆ ಹೊತ್ತು, ಮೆಟಲರ್ಜಿ ಓದಿ ಪಾಸು ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಕೈಹಿಡಿದು ಹತ್ತಿಸಿದ್ದಲ್ಲ. ಪರ್ತ್‌ನ ಆ ಹೆಂಗಸರಲ್ಲಿ ಹಲವರು ಇಂಜಿನಿಯರುಗಳ, ಪ್ರೊಫೆಸರುಗಳ ಮಕ್ಕಳು. ಅವರ ಸಾಲಿನಲ್ಲಿ ಚಾಪೆಯ ಮೇಲೆ ಕೂತು ಅರಿಶಿನ ಕುಂಕುಮ ತೆಗೆದುಕೊಳ್ಳುವುದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ಓದಿ ಗಳಿಸಿದ ಜಾಗ ಅದು ಎಂದುಕೊಂಡಿದ್ದೆ. ಅದು ಓದಿನಿಂದ ಸಿಕ್ಕಿದ್ದೂ ಅಲ್ಲ, ಓದಿನಿಂದ ಉಳಿಯುವಂಥದ್ದೂ ಅಲ್ಲ ಎಂದು ಆಗ ಗೊತ್ತಾಯಿತು.

ಆಗ ನನ್ನ ಕೆಲಸ ಪರ್ತ್‌ನ ವೆಲ್ಷ್‌ಪೂಲ್ ಬಡಾವಣೆಯ ಒಂದು ಲ್ಯಾಬಿನಲ್ಲಿ. ಗಣಿಗಳಿಂದ ಬಂದ ಕಲ್ಲನ್ನು ಪುಡಿಮಾಡಿ, ಕುಲುಮೆಯಲ್ಲಿ ಕರಗಿಸಿ, ಅದರಲ್ಲಿ ಚಿನ್ನ ಎಷ್ಟಿದೆ ಎಂದು ಹೇಳುವ ಜಾಗ. ನಮ್ಮ ಸೂಪರ್‌ವೈಸರ್ ಐವತ್ತರ ಹತ್ತಿರದ ಒಬ್ಬ ಆಸ್ಟ್ರೇಲಿಯನ್ ಹೆಂಗಸು, ಎತ್ತರದ ಆಳು, ಮಾತು ಕಡಿಮೆ. ನಾನು ಕೆಲಸಕ್ಕೆ ಮರಳಿದ ಮೇಲೆ ಅವಳು ನನ್ನನ್ನು ಏನೂ ಕೇಳಿರಲಿಲ್ಲ. ಒಂದು ಶುಕ್ರವಾರ ಕುಲುಮೆಯ ಪಕ್ಕ ಕೈಗವಸು ಬಿಚ್ಚುತ್ತಾ, "ನಾಳೆ ಆರ್ವೋ ಏನು ಮಾಡ್ತೀಯ?" ಎಂದಳು. ಮಧ್ಯಾಹ್ನಕ್ಕೆ ಇಲ್ಲಿನವರು ಹೇಳುವುದು ಹಾಗೆ.

"ಏನಿಲ್ಲ."

"ನಾನು ಐಸ್ ಹಾಕಿ ಆಡ್ತೀನಿ. ಹೆಂಗಸರ ಎರಡನೇ ಡಿವಿಷನ್. ನೋಡೋಕೆ ನಾಯೀನೂ ಬರಲ್ಲ. ನೀನಾದ್ರೂ ಬಾ."

ಅವಳ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಂದಿದ್ದೇನೆ, ನಾಯಿ ಮಾತ್ರ ಅವಳದೇ.

ಶನಿವಾರ ಸುಡುಬಿಸಿಲು. ಹತ್ತಿ ಚೂಡಿದಾರ, ಚಪ್ಪಲಿ ಹಾಕಿಕೊಂಡು ಹೋದೆ. ಗಂಡ ಅರ್ಧ ಚಡ್ಡಿಯಲ್ಲಿ ಬಂದರು. ರಿಂಕ್ ಎನ್ನುವ ಆ ಐಸ್ ಅಂಗಳದ ಬಾಗಿಲು ತೆರೆದರೆ ಫ್ರಿಜ್ಜಿನೊಳಗೆ ಕಾಲಿಟ್ಟ ಹಾಗಾಯಿತು. ಐಸ್ ಮೇಲೆ ಆಡುವ ಆಟವನ್ನು ನೋಡಲು ಹೋಗುವವರಿಗೂ ಚಳಿಯಾಗುತ್ತದೆ ಎಂಬುದು ಇಬ್ಬರು ಇಂಜಿನಿಯರುಗಳ ತಲೆಗೆ ಹೊಳೆದಿರಲಿಲ್ಲ. ಕಾರಿನ ಡಿಕ್ಕಿಯಲ್ಲಿ ಪಿಕ್ನಿಕ್ಕಿಗೆಂದು ಇಟ್ಟಿದ್ದ ಜಮಖಾನ ತಂದು ಇಬ್ಬರೂ ಹೊದ್ದು ಕೂತೆವು. ನೋಡುವವರು ಬೆರಳೆಣಿಕೆಯಷ್ಟು ಜನ, ಎಲ್ಲರೂ ಉಣ್ಣೆಯ ಟೋಪಿಯಲ್ಲಿ.

ಗಂಡನಿಗೆ ಬೆಂಗಳೂರಿನ ಮೈದಾನದ ಹಾಕಿ ಗೊತ್ತು. ಐದು ನಿಮಿಷದಲ್ಲಿ ಎದ್ದು ನಿಂತರು.

"ಏಯ್, ಫೌಲ್ ಅಲ್ವಾ ಅದು? ಮೈಮೇಲೇ ಬಿದ್ಲಲ್ಲ."

"ಕೂತ್ಕೊಳ್ರೀ. ನಿಮ್ಮನ್ನ ಯಾರು ಕೇಳಿದ್ರು?"

"ಅಲ್ಲ ಕಣೇ, ಚೆಂಡೇ ಕಾಣ್ತಿಲ್ಲ ನಂಗೆ."

ಚೆಂಡಲ್ಲ ಅದು, ಕಪ್ಪು ರಬ್ಬರಿನ ಬಿಲ್ಲೆ. ಪಕ್ ಎನ್ನುತ್ತಾರೆ. ನಮ್ಮ ಸೂಪರ್‌ವೈಸರ್ ಗೋಲಿನ ಮುಂದೆ ಕಾಲಿಗೆ ದಿಂಬುಗಳಂಥವನ್ನು ಕಟ್ಟಿಕೊಂಡು ಬಾಗಿ ನಿಂತಿದ್ದಳು. ಆ ಬಿಲ್ಲೆ ಅವಳ ಎದೆಗೆ, ಮೊಣಕಾಲಿಗೆ, ಮುಖದ ಜಾಲರಿಗೆ ಬಂದು ಬಡಿಯುತ್ತಿತ್ತು. ಬಡಿದಾಗಲೆಲ್ಲ ಅವಳು ಅದನ್ನು ಕೆಳಗೆ ಕೆಡವಿ, ಮತ್ತೆ ಬಾಗಿ ನಿಲ್ಲುತ್ತಿದ್ದಳು. ಅವರ ತಂಡ ಕೆಟ್ಟದಾಗಿ ಸೋತಿತು.

ತಪ್ಪು ಮಾಡಿದ ಆಟಗಾರ್ತಿಯನ್ನು ಅಲ್ಲಿ ಪಕ್ಕದ ಪೆಟ್ಟಿಗೆಯಂಥ ಜಾಗದಲ್ಲಿ ಎರಡು ನಿಮಿಷ ಕೂರಿಸುತ್ತಾರೆ. ಗಡಿಯಾರ ಎಲ್ಲರಿಗೂ ಕಾಣುವ ಹಾಗೆ ಓಡುತ್ತದೆ. ಸಮಯ ಮುಗಿದದ್ದೇ ಬಾಗಿಲು ತೆರೆದು ಒಳಗೆ ಬಿಡುತ್ತಾರೆ, ಅವಳು ಏನೂ ಆಗದವಳಂತೆ ಆಟದಲ್ಲಿ ಸೇರಿಕೊಳ್ಳುತ್ತಾಳೆ. ನಾನು ಆ ಗಡಿಯಾರವನ್ನೇ ನೋಡುತ್ತಾ ಕೂತೆ. ನನಗೆ ಎಷ್ಟು ಹೊತ್ತು ಎಂದು ಯಾರೂ ಹೇಳಿರಲಿಲ್ಲ.

ಮುಂದಿನ ಶನಿವಾರವೂ ಹೋದೆವು, ಸ್ವೆಟರ್ ಹಾಕಿಕೊಂಡು. ಆಮೇಲೆ ತಪ್ಪದೆ ಹೋದೆವು. ಅಲ್ಲಿ ಯಾರೂ "ಏನಾದ್ರೂ ವಿಶೇಷ?" ಎಂದು ಕೇಳುತ್ತಿರಲಿಲ್ಲ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಾಗದೆ ಇದ್ದ ನಾವಿಬ್ಬರು ಅಲ್ಲಿ ಒಂದೇ ಕಡೆ ನೋಡುತ್ತಾ ಕೂರಬಹುದಾಗಿತ್ತು. ನಮ್ಮ ಸಂಸಾರವನ್ನು ಉಳಿಸಿದ್ದು ಅದೇ ಎಂದರೆ ದೊಡ್ಡ ಮಾತಾದೀತು. ಆದರೆ ಆ ತಿಂಗಳುಗಳಲ್ಲಿ ನಾವು ಆಡಿದ ಮಾತೆಲ್ಲ ಆ ಚಳಿಯಲ್ಲಿ ಆಡಿದ್ದೇ.

ಗಂಡನ ಕಂಪನಿ ಬ್ರಿಸ್ಬೇನ್‌ಗೆ ವರ್ಗ ಮಾಡಿತು. ಸಾಮಾನು ಬಿಚ್ಚುವ ಮೊದಲೇ ಅವರು ಐಸ್ ರಿಂಕ್ ಎಲ್ಲಿದೆ ಎಂದು ಹುಡುಕಿಟ್ಟಿದ್ದರು. ಅಲ್ಲಿ ಗಾಳಿಯಲ್ಲೇ ನೀರು. ಸೆಕೆಯ ದಿನ ಐಸ್ ಮೇಲೆ ಮಂಜು ಎದ್ದು ಆಟಗಾರರು ಸೊಂಟದವರೆಗೆ ಮುಳುಗಿದ ಹಾಗೆ ಕಾಣುತ್ತಿದ್ದರು. ಒಮ್ಮೆ ಆಟ ನಿಲ್ಲಿಸಿ, ಮಂಜು ಚದುರಲಿ ಎಂದು ಎರಡೂ ತಂಡದವರನ್ನು ಸುತ್ತು ಹಾಕಿಸಿದರು. ನಮ್ಮ ಪಕ್ಕ ಕೂರುತ್ತಿದ್ದ ಮುದುಕಿಯೊಬ್ಬಳು ಮನೆಯ ಎ.ಸಿ. ಕೆಟ್ಟ ದಿನ ತಣ್ಣಗಿರುತ್ತದೆ ಎಂದು ಬಂದವಳು, ಎ.ಸಿ. ರಿಪೇರಿಯಾದ ಮೇಲೂ ಬರುವುದನ್ನು ಬಿಡಲಿಲ್ಲವಂತೆ. ಅವಳೂ ಕೇಳಿದಳು, ನಿಮಗೆ ಹೇಗೆ ಸಿಕ್ಕಿತು ಎಂದು. ನಾವು ಅರ್ಧ ಉತ್ತರ ಕೊಟ್ಟೆವು.

ಬ್ರಿಸ್ಬೇನ್‌ನಲ್ಲಿಯೂ ಕನ್ನಡದವರಿದ್ದರು. ಆದರೆ ಅಲ್ಲಿ ನಾವೇ ಯಾರ ನಂಬರನ್ನೂ ತೆಗೆದುಕೊಳ್ಳಲಿಲ್ಲ. ಕರೆಯದೆ ಇರುವುದಕ್ಕೂ ಮೊದಲು ನಮ್ಮ ಪರಿಚಯವಾಗಬೇಕಲ್ಲ.

ಕೊನೆಗೆ ಅಡಿಲೇಡ್. ಅಲ್ಲಿನ ಸ್ಯಾಲಿಸ್‌ಬರಿಯ ಒಂದು ಕಾರ್ಖಾನೆಯಲ್ಲಿ ನನಗೆ ಒಳ್ಳೆಯ ಕೆಲಸ ಸಿಕ್ಕಿತು, ಈ ಸಲ ಗಂಡ ನನ್ನ ಹಿಂದೆ ಬಂದರು. ಕಿಲ್ಬರ್ನ್‌ನಲ್ಲಿ ಮನೆ. ಪಕ್ಕದ ಮನೆಗೆ ಮೈಸೂರಿನ ಹುಡುಗಿಯೊಬ್ಬಳು ಗಂಡನ ಜೊತೆ ಬಂದಳು, ಸಾಫ್ಟ್‌ವೇರ್ ಕೆಲಸದವಳು. ಒಂದೇ ವಾರದಲ್ಲಿ ನನ್ನನ್ನು ಅಕ್ಕ ಮಾಡಿಕೊಂಡಳು. ಬೇಡವೆನ್ನಲು ನನಗೆ ಬರಲಿಲ್ಲ. ನಮ್ಮ ಜೊತೆ ರಿಂಕಿಗೂ ಬರತೊಡಗಿದಳು. ನಮ್ಮ ಕಡೆಯ ತಂಡ ಸೋತಾಗಲೆಲ್ಲ ನನಗಿಂತ ಹೆಚ್ಚು ಬೈಯುತ್ತಿದ್ದಳು.

ಅವಳು ಬಸುರಿಯಾದಳು. ಏಳನೇ ತಿಂಗಳಿಗೆ ಅವಳಮ್ಮ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿಳಿದರು. ಬಂದ ವಾರವೇ ಕುಂಕುಮದ ಬಟ್ಟಲು ಹಿಡಿದು ನಮ್ಮ ಮನೆಗೆ ಬಂದು ಸೀಮಂತಕ್ಕೆ ಕರೆದರು. "ಇವಳಿಗೆ ಇಲ್ಲಿ ಅಕ್ಕ ಅಂದ್ರೆ ನೀನೇ ಅಂತೆ. ಮೊದಲ ಬಳೆ ನೀನೇ ತೊಡಿಸ್ಬೇಕಮ್ಮ" ಎಂದರು. ಅಷ್ಟು ವರ್ಷಗಳ ಮೇಲೆ ನನ್ನ ಹಣೆಗೆ ಯಾರೋ ಕುಂಕುಮವಿಟ್ಟು ಕರೆದಿದ್ದರು. ಬಾಯಿ ಮುಚ್ಚಿಕೊಂಡು ಹೋಗಿಬಂದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆ ವಾರವೆಲ್ಲ ಅದನ್ನೇ ಮಾಡುವುದೆಂದು ಅಂದುಕೊಂಡಿದ್ದೆ.

ಸೀಮಂತಕ್ಕೆ ಹಿಂದಿನ ಶನಿವಾರ ರಿಂಕಿನಲ್ಲಿ ಹುಡುಗಿ ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಾ ಕೇಳಿದಳು.

"ಅಕ್ಕ, ಹೇಳೇ ಇಲ್ವಲ್ಲ ನೀವು. ಈ ಆಟ ನಿಮಗೆ ಹೇಗೆ ಸಿಕ್ತು?"

ಗಂಡ ಎಂದಿನಂತೆ ಶುರುಮಾಡಿದರು. "ಪರ್ತಲ್ಲಿ ಇವಳ ಸೂಪರ್‌ವೈಸರ್ ಒಬ್ರು..."

"ಇರ್ರೀ" ಎಂದೆ ನಾನು. ಆ ಹುಡುಗಿಗೆ ಅರ್ಧ ಉತ್ತರ ಕೊಟ್ಟು, ಆಮೇಲೆ ಅವಳ ಕೈಗೆ ಬಳೆ ತೊಡಿಸುವುದು ನನ್ನಿಂದಾಗದು ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ಎಲ್ಲವನ್ನೂ ಹೇಳಿದೆ. ಮಗುವಿನ ವಿಷಯ, ನಿಂತುಹೋದ ಕರೆಗಳ ವಿಷಯ, ಖಾಲಿ ಶನಿವಾರದ ವಿಷಯ. ಅವಳ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. ಅದು ಅವಳು ಬೇಕೆಂದು ಮಾಡಿದ್ದಲ್ಲ, ನನಗೆ ಗೊತ್ತು. "ನಿಮ್ಮಮ್ಮನಿಗೆ ಹೇಳು. ಆಮೇಲೆ ತಿಳಿದ್ರೆ ಚೆನ್ನಾಗಿರಲ್ಲ" ಎಂದೆ.

ಮಾರನೆಯ ದಿನ ಅವಳಮ್ಮ ಬಂದರು. ಕಾಫಿ ಬೇಡವೆಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು.

"ನಂಗೇನೂ ಇಲ್ಲಮ್ಮ. ನಾನು ಹಾಗೆಲ್ಲ ನೋಡೋಳಲ್ಲ. ಆದ್ರೆ ಅವಳ ಅತ್ತೆ ಮನೆಯೋರು ವೀಡಿಯೊದಲ್ಲಿ ನೋಡ್ತಾರೆ..."

"ಅವರಿಗೆ ನನ್ನ ವಿಷಯ ಗೊತ್ತಾ ಆಂಟಿ?"

ಅವರು ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದರು. "ಆರತಿ ಎಲ್ಲ ಮುಗಿದ್ಮೇಲೆ ಊಟಕ್ಕೆ ಬಂದ್ಬಿಡು. ನಿನಗೆ ಅಂತಲೇ ಹೋಳಿಗೆ ಎತ್ತಿಟ್ಟಿರ್ತೀನಿ."

"ಊಟಕ್ಕೆ ನಮ್ಮನೇಲಿ ಇದೆ ಆಂಟಿ."

ಒರಟಾಗಿ ಹೇಳಬೇಕೆಂದಿರಲಿಲ್ಲ, ನನಗೆ ಬರುವ ಮಾತೇ ಅಷ್ಟು. ಅವರ ಕಣ್ಣಲ್ಲಿ ನೀರಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು, "ಒಂದೇ ಮಗಳು ಕಣಮ್ಮ ನಂಗೆ" ಎಂದರು.

ಸೀಮಂತದ ದಿನ ಪಕ್ಕದ ಮನೆಯ ಮುಂದೆ ಕಾರುಗಳು ನಿಲ್ಲುವ ಹೊತ್ತಿಗೆ ನಾವು ರಿಂಕಿಗೆ ಹೊರಟೆವು. ಆಟ ಯಾವುದೆಂದೂ ನೋಡಿರಲಿಲ್ಲ. ಗಂಡಸರ ಕೆಳಗಿನ ಡಿವಿಷನ್ನಿನವರು ಆಡುತ್ತಿದ್ದರು. ಗಂಡ ನನಗೆ ಸ್ಕೋರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ.

ಎರಡನೇ ವಿರಾಮದಲ್ಲಿ ಗಂಡ ನನ್ನ ಮೊಣಕೈ ತಟ್ಟಿದರು. ಮೆಟ್ಟಿಲ ಬಳಿ ಅವಳು ನಿಂತಿದ್ದಳು. ಹಸಿರು ರೇಷ್ಮೆ ಸೀರೆ, ಮೇಲೆ ಅವಳ ಗಂಡನ ದೊಡ್ಡ ಜಾಕೆಟ್ಟು, ಮುಡಿಯಲ್ಲಿ ಹೂವು. ಟೋಪಿಯವರೆಲ್ಲ ತಿರುಗಿ ನೋಡುತ್ತಿದ್ದರು. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಲ್ಲಗೆ ಬಂದು ನನ್ನ ಪಕ್ಕ ಕೂತಳು.

"ಅಮ್ಮ ಎಲ್ಲಿ?"

"ಕಾರಲ್ಲಿ. ಬರಲ್ಲ ಅಂದ್ರು. ಹೋಗ್ಬೇಡ ಅಂತಾನೂ ಅನ್ಲಿಲ್ಲ."

ಜಾಕೆಟ್ಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಹಸಿರು ಗಾಜಿನ ಬಳೆಗಳನ್ನು ತೆಗೆದಳು. ಅವಳ ಎರಡೂ ಕೈ ಬರಿದಾಗಿದ್ದವು. "ಆರತಿ ಆಯ್ತು. ಬಳೆ ಮಾತ್ರ ಯಾರ ಹತ್ರಾನೂ ತೊಡಿಸ್ಕೊಳ್ಲಿಲ್ಲ. ಮೊದಲ ಬಳೆ ನಿಮ್ದು ಅಂತ ಹೇಳಾಗಿತ್ತಲ್ಲ" ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಮೂಢನಂಬಿಕೆ ಬೇರೆಯವರದು, ನನ್ನದಲ್ಲ ಎಂದು ಅಷ್ಟು ವರ್ಷ ನಂಬಿದ್ದವಳು ನಾನು. ಓದಿದವಳು. ಆ ಬಳೆಗಳನ್ನು ಮುಂದೆ ಹಿಡಿದಾಗ ನನ್ನ ಕೈ ತಾನಾಗಿ ಹಿಂದಕ್ಕೆ ಹೋಯಿತು. ಈ ಮಗುವಿಗೆ ಏನಾದರೂ ಆದರೆ ಎಂಬ ಭಯ ಅವಳಮ್ಮನಲ್ಲಿ ಇದ್ದಷ್ಟೇ ನನ್ನಲ್ಲೂ ಇತ್ತು. ಬಹುಶಃ ಹೆಚ್ಚೇ.

"ಬೇಡ ಕಣೆ" ಎಂದೆ. "ಮಗು ಬರ್ಲಿ. ತೊಟ್ಟಿಲಿಗೆ ಹಾಕೋ ದಿನ ಕರಿ, ಬರ್ತೀನಿ."

"ಆವತ್ತೂ ಕರೀತೀನಿ. ಈಗ ಕೇಳ್ತಿರೋದು ಇವತ್ತಿಂದು."

"ಏನಾದ್ರೂ ಆದ್ರೆ?"

"ಆದ್ರೆ ಆಗತ್ತೆ ಅಕ್ಕ. ನಿಮಗೆ ಯಾರು ಬಳೆ ತೊಡಿಸಿದ್ರು, ಅವರ ಕೈಯಿಂದಾನಾ ಹಾಗಾಗಿದ್ದು?"

ನನ್ನ ಸೀಮಂತದಲ್ಲಿ ಮೊದಲ ಬಳೆ ತೊಡಿಸಿದ್ದು ಮೂರು ಮಕ್ಕಳ ತಾಯಿ, ಎಲ್ಲರೂ ಬಾಯ್ತುಂಬ ಹೊಗಳುವ ಕೈ. ಅದು ನನಗೆ ಅಲ್ಲಿಯವರೆಗೆ ನೆನಪಿಗೇ ಬಂದಿರಲಿಲ್ಲ.

ಆಟಗಾರರು ಐಸ್‌ಗೆ ಮರಳುತ್ತಿದ್ದರು. ಗಂಡ ಎದ್ದು, ನಮ್ಮ ಕಡೆ ಯಾರೂ ನೋಡದ ಹಾಗೆ ಅಡ್ಡ ನಿಂತರು. ನಾನು ಕೈಗವಸು ಬಿಚ್ಚಿದೆ. ಅವಳ ಕೈ ಬಸುರಿಗೆ ಊದಿಕೊಂಡಿತ್ತು, ಚಳಿಗೆ ಬಿಗಿದುಕೊಂಡಿತ್ತು. ಗಾಜು ಗೆಣ್ಣಿನ ಹತ್ತಿರ ಬಂದು ನಿಂತಿತು. ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು, ಬೆಚ್ಚಗಾಗುವವರೆಗೆ ತಿಕ್ಕಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಮೆಲ್ಲಗೆ ಒತ್ತಿದೆ. ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಜಾರಿತು.

"ನೋವಾಯ್ತಾ?"

"ಸ್ವಲ್ಪ" ಎಂದು ಅವಳು ಇನ್ನೊಂದು ಕೈ ಚಾಚಿದಳು.