ಧರಣೇಂದ್ರಯ್ಯನವರ ಎರಡನೇ ಪರೀಕ್ಷೆ

೧೯೩೮ರ ಜೂನ್ ತಿಂಗಳಲ್ಲಿ ಸರ್ವೆ ಇಲಾಖೆಯ ನಿವೃತ್ತ ನೌಕರ ಧರಣೇಂದ್ರಯ್ಯನವರ ಕಮ್ಯುಟೇಷನ್ ಅರ್ಜಿ ತಿರಸ್ಕೃತವಾಯಿತು. ಅದಕ್ಕೆ ಆಧಾರ ನಾನು ಬರೆದ ವೈದ್ಯಕೀಯ ವರದಿ. ಆಗ ನಾನು ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ.

ಕಮ್ಯುಟೇಷನ್ ಎಂದರೆ ಪೆನ್ಷನ್ನಿನ ಒಂದು ಭಾಗವನ್ನು ಶಾಶ್ವತವಾಗಿ ಬಿಟ್ಟುಕೊಟ್ಟು, ಅದರ ಬದಲಿಗೆ ದೊಡ್ಡ ಮೊತ್ತವನ್ನು ಒಂದೇ ಸಲ ಪಡೆಯುವುದು. ಬೇಗ ಸಾಯುವವನಿಗೆ ಹೀಗೆ ಹಣ ಕೊಟ್ಟರೆ ಸರ್ಕಾರಕ್ಕೆ ನಷ್ಟ. ಆದ್ದರಿಂದ ಮೊದಲು ಡಾಕ್ಟರ್ ಪರೀಕ್ಷೆಯಾಗಬೇಕು. ಆರೋಗ್ಯ ಚೆನ್ನಾಗಿದ್ದರೆ ಪೂರ್ತಿ ಮೊತ್ತ ಸಿಗುತ್ತದೆ. ಸ್ವಲ್ಪ ಕೆಟ್ಟಿದ್ದರೆ ಅರ್ಜಿದಾರನ ವಯಸ್ಸಿಗೆ ಕೆಲವು ವರ್ಷ ಸೇರಿಸಿ ಲೆಕ್ಕ ಹಾಕುತ್ತಾರೆ, ಮೊತ್ತ ಇಳಿಯುತ್ತದೆ. ತೀರಾ ಕೆಟ್ಟಿದ್ದರೆ ಏನೂ ಇಲ್ಲ.

ಧರಣೇಂದ್ರಯ್ಯ ಚನ್ನರಾಯಪಟ್ಟಣದ ಕಡೆಯ ಜೈನರು. ಹಾಸನ, ಅರಕಲಗೂಡು, ಹೊಳೆನರಸೀಪುರ ತಾಲೂಕುಗಳ ಹೊಲಗಳನ್ನೆಲ್ಲ ಸರಪಳಿ ಹಿಡಿದು ಅಳೆದವರು. ಕೊನೆಯ ವರ್ಷಗಳಲ್ಲಿ ಬಡ್ತಿ ಸಿಕ್ಕಿ ಹಾಸನದ ಕಚೇರಿಯಲ್ಲಿ ಕುಳಿತರು. ನಡಿಗೆ ನಿಂತಿತು, ಹೊಟ್ಟೆ ಬಂತು. ಮೂತ್ರವನ್ನು ನೀಲಿ ದ್ರಾವಣದಲ್ಲಿ ಕಾಯಿಸಿ ಸಕ್ಕರೆ ನೋಡುವ ಪರೀಕ್ಷೆಯಲ್ಲಿ ಸಕ್ಕರೆಯಿಲ್ಲದಿದ್ದರೆ ನಳಿಕೆ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪವಿದ್ದರೆ ಹಸಿರು, ಹೆಚ್ಚಾಗಿದ್ದರೆ ಇಟ್ಟಿಗೆ ಕೆಂಪು. ಅವರದು ಇಟ್ಟಿಗೆ ಕೆಂಪಾಗಿತ್ತು.

ತಿರಸ್ಕಾರದ ಆದೇಶ ಬಂದ ವಾರ ಅವರು ಹೆಂಡತಿ ಮರುದೇವಮ್ಮನವರ ಜೊತೆ ಆಸ್ಪತ್ರೆಗೆ ಬಂದರು. ಆಕೆ ಎರಡನೇ ಸಂಬಂಧ, ಗಂಡನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಆರು ವರ್ಷದ ಮಗಳಿದ್ದಳು. ಧರಣೇಂದ್ರಯ್ಯ ಕೂಗಾಡಲಿಲ್ಲ.

"ನೀವು ಬರೆದದ್ದು ಸರಿ ಡಾಕ್ಟ್ರೇ. ಆದ್ರೆ ನಾನು ಕಣ್ಣು ಮುಚ್ಚಿದ ತಿಂಗಳೇ ಪೆನ್ಷನ್ನೂ ನಿಲ್ಲುತ್ತೆ. ಗಟ್ಟಿಯಾಗಿದ್ದಿದ್ರೆ ಈ ಅರ್ಜಿನೇ ಹಾಕ್ತಿರ್ಲಿಲ್ಲ" ಎಂದರು.

ಆ ಕಾಲದಲ್ಲಿ ವಿಧವೆಗೆ ಪೆನ್ಷನ್ ಇರಲಿಲ್ಲ. ಬರುವ ಹಣದಲ್ಲಿ ಚನ್ನರಾಯಪಟ್ಟಣದ ಪೇಟೆಯಲ್ಲಿ ಎರಡು ಅಂಗಡಿ ಮಳಿಗೆ ಕೊಂಡು ಹೆಂಡತಿಯ ಹೆಸರಿಗೆ ಮಾಡಬೇಕೆಂದು ಅವರು ಯೋಚಿಸಿದ್ದರು. ಒಂದು ವರ್ಷ ಕಳೆದ ಮೇಲೆ ಎರಡನೇ ಪರೀಕ್ಷೆಗೆ ನಿಯಮದಲ್ಲಿ ಅವಕಾಶವಿದೆ ಎಂದು ತಿಳಿಸಿದೆ. ಅನ್ನ ಕಡಿಮೆ ಮಾಡಿ, ಬೆಲ್ಲ ಬಿಡಿ, ದಿನಾ ಬೆಳಿಗ್ಗೆ ನಡೆಯಿರಿ ಎಂದೆ.

"ಸುಮ್ನೆ ನಡೆಯೋದು ಹೆಂಗೆ? ಒಂದು ಬಾಂದುಕಲ್ಲಾದ್ರೂ ನೋಡ್ಕೊಂಡು ಬರ್ಬೇಕಲ್ಲ" ಎಂದರು ಅವರು. ಬಾಂದುಕಲ್ಲು ಎಂದರೆ ಹೊಲದ ಮೇರೆಯಲ್ಲಿ ಸರ್ವೆಯವರು ನೆಟ್ಟ ಕಲ್ಲು. ನೋಡಿಕೊಂಡೇ ಬನ್ನಿ ಎಂದೆ.

ನಿವೃತ್ತಿಯ ನಂತರ ಅವರು ಶಾಂತಿಗ್ರಾಮದಲ್ಲಿ ಮನೆ ಮಾಡಿದ್ದರು. ಮರುದಿನದಿಂದಲೇ ಕೊಡೆ ಹಿಡಿದು ಸುತ್ತಲಿನ ಹಳ್ಳಿಗಳಿಗೆ ಹೊರಟರು. ಮೂರು ತಿಂಗಳು ನಡೆದರು. ಹೊಟ್ಟೆ ಸ್ವಲ್ಪ ಕರಗಿತು, ನಳಿಕೆ ಮಾತ್ರ ಪ್ರತಿ ಸಲವೂ ಕೆಂಪಾಗುತ್ತಿತ್ತು. ಊಟದ ವಿಚಾರ ಕೇಳಿದರೆ ಮರುದೇವಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿಯೇ ಇಲ್ಲವೆಂದರು. ನನಗೆ ಅರ್ಥವಾಗಲಿಲ್ಲ.

ಕಾರಣ ಹುಡುಕಿದವರು ಮರುದೇವಮ್ಮನವರೇ. ಒಂದು ದಿನ ಗಂಡನ ಹಿಂದೆಯೇ ಹೋಗಿ ನೋಡಿ, ಅವರನ್ನೂ ಕರೆದುಕೊಂಡು ಬಂದು ನನಗೆ ವರದಿ ಒಪ್ಪಿಸಿದರು. ಹಳೆಯ ಸರ್ವೆಯವರು ಮತ್ತೆ ಕಲ್ಲು ನೋಡುತ್ತಿದ್ದಾರೆಂದರೆ ಮರು ಅಳತೆಯಾಗಿ ಕಂದಾಯ ಏರುತ್ತದೆ ಎಂದು ರೈತರು ಹೆದರಿದ್ದರು. ಹೋದ ಹೋದಲ್ಲಿ ಉಪಚಾರ: ಎಳನೀರು, ಬಾಳೆಹಣ್ಣು, ಬೆಲ್ಲದ ಪಾನಕ.

ಅಂದು ಒಬ್ಬ ರೈತ ಚೊಂಬು ಹಿಡಿದು ಅಡ್ಡ ನಿಂತಿದ್ದನಂತೆ. "ಕುಡೀರಿ ಸಾ. ನಮ್ ಕಲ್ಲು ಎಲ್ಲೂ ಓಗಿಲ್ಲ, ನೆಟ್ಟ ಜಾಗ್ದಲ್ಲೇ ಅದೆ."

"ಇವ್ರಿಗೆ ಕೆಲ್ಸ ಬಿಟ್ಟೋಯ್ತು ಕಣಪ್ಪ. ಸುಮ್ನೆ ನಡೀತಾರೆ, ಡಾಕ್ಟ್ರು ಹೇಳವ್ರೆ" ಎಂದರಂತೆ ಮರುದೇವಮ್ಮ.

ಆತ ಪಕ್ಕದವನ ಕಡೆ ತಿರುಗಿದ. "ಕೇಳ್ದೇನ್ಲಾ? ಸುಮ್ಕೆ ನಡೀತಾರಂತೆ. ಕೆಲ್ಸ ಇಲ್ದೆ ಯಾರ್ಲಾ ನಡೀತಾರೆ? ಇನ್ನೊಂದ್ ಚೊಂಬು ತತ್ತಾ."

"ಬ್ಯಾಡ ಅನ್ನೋಕೆ ಬಾಯಿರ್ಲಿಲ್ವಾ ಇವ್ರಿಗೆ?" ಎಂದು ಆಕೆ ನನ್ನೆದುರಿಗೇ ಗಂಡನನ್ನು ಕೇಳಿದರು.

"ಮೂವತ್ತು ವರ್ಷ ಕುಡಿದೋನು, ಈಗ ಬ್ಯಾಡ ಅಂದ್ರೆ ಅನುಮಾನ ಜಾಸ್ತಿ ಆಗಲ್ವೇನೇ" ಎಂದರು ಧರಣೇಂದ್ರಯ್ಯ.

ಅಂದಿನಿಂದ ಮರುದೇವಮ್ಮನೂ ಜೊತೆಗೆ ನಡೆದರು. ಅಧಿಕಾರಿ ಹೆಂಡತಿಯನ್ನು ಕರೆದುಕೊಂಡು ಅಳತೆಗೆ ಬರುವುದಿಲ್ಲ ಎಂದು ಹಳ್ಳಿಯವರಿಗೆ ಕ್ರಮೇಣ ನಂಬಿಕೆ ಬಂತು. ಪಾನಕ ನಿಂತಿತು. ಕ್ಯಾಂಪಿನ ದಿನಗಳಲ್ಲಿ ಧರಣೇಂದ್ರಯ್ಯ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದನ್ನು ಕಲಿತಿದ್ದರು. ಈಗ ಮನೆಯ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸತೊಡಗಿದರು. ೧೯೩೯ರ ಬೇಸಿಗೆಯ ಹೊತ್ತಿಗೆ ನಳಿಕೆ ಹಸಿರಿಗೆ ಇಳಿದಿತ್ತು.

ಜುಲೈನಲ್ಲಿ ಎರಡನೇ ಪರೀಕ್ಷೆ. ಅವರು ಕುರ್ಚಿಯ ತೋಳು ಹಿಡಿದು ನಿಧಾನವಾಗಿ ಕುಳಿತರು. ಮುಖ ಬಿಳಿಚಿತ್ತು. ನಳಿಕೆ ಕಾಯಿಸಿದೆ. ಅಚ್ಚ ನೀಲಿ. ಅಷ್ಟು ಬೇಗ ಹಾಗಾಗುವುದು ಸಾಧ್ಯವಿರಲಿಲ್ಲ. ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆಯಿತ್ತು. ಅಸಿಟೋನ್ ಪರೀಕ್ಷೆ ಮಾಡಿದೆ. ದೇಹಕ್ಕೆ ಆಹಾರ ಸಿಗದೆ ಕೊಬ್ಬನ್ನೇ ಸುಡತೊಡಗಿದಾಗ ಅಸಿಟೋನ್ ಬರುತ್ತದೆ. ನಳಿಕೆಯಲ್ಲಿ ನೇರಳೆ ಬಣ್ಣದ ಉಂಗುರ ಎದ್ದಿತು.

"ಊಟ ಮಾಡಿ ಎಷ್ಟು ದಿನವಾಯಿತು?"

ಜೊತೆಗೆ ಬಂದಿದ್ದ ಮರುದೇವಮ್ಮ ಹೇಳಿದರು: "ಮೂರು ದಿನದಿಂದ ನೋಂಪಿ ಅಂತವ್ರೆ. ಪಂಚಾಂಗದಲ್ಲಿ ನಂಗೆ ಯಾವ ನೋಂಪಿನೂ ಕಾಣ್ಲಿಲ್ಲ."

ಜೈನರಿಗೆ ಉಪವಾಸ ಹೊಸತಲ್ಲ. ನೋಂಪಿಯಂಥ ವ್ರತಕ್ಕೆಂದು ಬಾಲ್ಯದಿಂದ ಕಲಿತದ್ದನ್ನು ಅವರು ಪರೀಕ್ಷೆಗೆ ಬಳಸಿದ್ದರು.

"ಉಪವಾಸ ಮಾಡಬಾರದು ಅಂತ ರೂಲಲ್ಲಿ ಇಲ್ಲ" ಎಂದರು ಧರಣೇಂದ್ರಯ್ಯ.

"ಇಲ್ಲ. ಆದರೆ ಇವತ್ತು ಕಂಡದ್ದನ್ನು ನಾನು ಬರೆಯಬೇಕಾಗುತ್ತದೆ. ಬರೆದರೆ ಈ ಸಲವೂ ಏನೂ ಸಿಗುವುದಿಲ್ಲ."

"ಹಸಿರು ಬಂದ್ರೂ ಸಿಗಲ್ವಲ್ಲ."

"ಹಾಗೆಂದು ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ನೀಲಿ ಬಂದರೆ ಮಾತ್ರ ಪಾಸು ಎಂದು ಅವರೇ ತೀರ್ಮಾನಿಸಿದ್ದರು. ಅರ್ಜಿದಾರರು ನಿಶ್ಶಕ್ತರಾಗಿದ್ದಾರೆ, ಪರೀಕ್ಷೆ ಪೂರ್ಣವಾಗಿಲ್ಲ, ಹದಿನೈದು ದಿನ ಮುಂದೂಡಿದೆ ಎಂದು ಬರೆದೆ. ಅದು ನನ್ನ ಅಧಿಕಾರದಲ್ಲಿತ್ತು, ನಿಜವೂ ಆಗಿತ್ತು. ಮರುದೇವಮ್ಮ ಗಂಡನಿಗೆ ಆಸ್ಪತ್ರೆಯ ಜಗುಲಿಯಲ್ಲೇ ಮಜ್ಜಿಗೆ ಕುಡಿಸಿ, ನಿಧಾನವಾಗಿ ಬಸ್ಸಿನ ಕಡೆ ನಡೆಸಿಕೊಂಡು ಹೋದರು.

ಹದಿನೈದು ದಿನದ ನಂತರ ಉಂಡು, ನಡೆದು, ಬಂದರು. ನಳಿಕೆ ತಿಳಿ ಹಸಿರು. ಅಸಿಟೋನ್ ಇರಲಿಲ್ಲ, ನಾಡಿ ಚೆನ್ನಾಗಿತ್ತು. ಕಮ್ಯುಟೇಷನ್ ಕೊಡಬಹುದು, ವಯಸ್ಸನ್ನು ಆರು ವರ್ಷ ಹೆಚ್ಚೆಂದು ಪರಿಗಣಿಸಬೇಕು ಎಂದು ಶಿಫಾರಸು ಮಾಡಿದೆ.

"ನನ್ನ ವಯಸ್ಸಲ್ಲಿ ಆರು ವರ್ಷ ಒತ್ತುವರಿ ಮಾಡ್ಬಿಟ್ರಲ್ಲ ಡಾಕ್ಟ್ರೇ" ಎಂದರು ಧರಣೇಂದ್ರಯ್ಯ. ಆ ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೇ.

ಬಂದ ಮೊತ್ತ ಎರಡು ಮಳಿಗೆಗೆ ಸಾಲಲಿಲ್ಲ. ಚನ್ನರಾಯಪಟ್ಟಣದ ಪೇಟೆಯಲ್ಲಿ ಒಂದನ್ನು ಕೊಂಡು ಮರುದೇವಮ್ಮನವರ ಹೆಸರಿಗೆ ರಿಜಿಸ್ಟರ್ ಮಾಡಿಸಿದರು. ಒಬ್ಬ ದರ್ಜಿ ಬಾಡಿಗೆಗೆ ಬಂದ. ೧೯೪೧ರಲ್ಲಿ ನನಗೆ ವರ್ಗವಾಯಿತು. ಅಲ್ಲಿಯವರೆಗೆ ಗಂಡ ಹೆಂಡತಿ ಬೆಳಗಿನ ನಡಿಗೆ ತಪ್ಪಿಸಿರಲಿಲ್ಲ.

ಧರಣೇಂದ್ರಯ್ಯ ೧೯೪೭ರ ಮಾರ್ಚ್‌ನಲ್ಲಿ ತೀರಿಕೊಂಡರು. ಪೆನ್ಷನ್ ಆ ತಿಂಗಳೇ ನಿಂತಿತು. ೧೯೪೯ರಲ್ಲಿ ನಾನು ಮತ್ತೆ ಹಾಸನಕ್ಕೆ ಬಂದಾಗ ಮರುದೇವಮ್ಮ ಮಗಳೊಂದಿಗೆ ಆಸ್ಪತ್ರೆಗೆ ಬಂದರು. ಮಳಿಗೆಯಲ್ಲಿ ಅದೇ ದರ್ಜಿ ಇದ್ದ. ಮಗಳು ಹಾಸನದಲ್ಲಿ ಹೈಸ್ಕೂಲ್ ಓದುತ್ತಿದ್ದಳು. ಕಾಯಿಲೆ ಏನೆಂದು ಕೇಳಿದೆ. ಏನೂ ಇಲ್ಲ, ಈಗಲೂ ಬೆಳಿಗ್ಗೆ ಬಾಂದುಕಲ್ಲಿನ ತನಕ ಹೋಗಿ ಬರುತ್ತೇನೆ, ಆದರೂ ನನ್ನದೂ ಒಮ್ಮೆ ಕಾಯಿಸಿ ನೋಡಿ ಎಂದರು.

ಕಾಯಿಸಿದೆ. ನಳಿಕೆ ನೀಲಿಯಾಗಿಯೇ ಉಳಿಯಿತು.